ಆ ಕೋಣೆಯಲ್ಲಿ ಮೂವರೇ ಇದ್ದೆವು

ಅಕ್ಟೋಬರ್ 3, ಮಂಗಳವಾರ

ಮತ್ತೆ ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದಾಯಿತು. ಈ ವಾರ ಇದೇ ಕೆಲಸ. ಹೊಸ ಡಿಜಿಟಲ್ ಕಾನೂನುಗಳು ಸಾಲಾಗಿ ಬರುತ್ತಿವೆ. ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಪರ ಬ್ರಸೆಲ್ಸ್‌ನಲ್ಲಿ ವಾದಿಸುವ ನಮ್ಮ ಒಕ್ಕೂಟಕ್ಕೆ ಇನ್ನು ಹಳೆಯ ವಿಭಾಗಗಳು ಬೇಡವಂತೆ. ಕೆಲಸ ಹೋಗುತ್ತದೆಂದು ಜನ ಹೆದರಿದ್ದಾರೆ. ಗುಂಪಾಗಿ ಕೂರಿಸಿ, ಮಾತಾಡಿಸಿ, ಆ ಹೆದರಿಕೆ ಇಳಿಸುವುದೇ ನನ್ನ ನೌಕರಿ.

ಇವತ್ತು ಕಾನೂನು ವಿಭಾಗ. ಗಾಸ್ಪರ್, ದೈನಾ, ನಾನು. ಮೂವರೇ.

ಗಾಸ್ಪರ್ ಎಂದಿನಂತೆ ತಮಾಷೆ. "ಏನಮ್ಮಾ ಲೀವ, ದುಂಡಗೆ ಕೂರಿಸಿದ್ದೀಯ... ಹಾಡು ಹೇಳಿಸ್ತೀಯೋ, ಮನೆಗೆ ಕಳಿಸ್ತೀಯೋ?" ದೈನಾ ಬಿದ್ದು ಬಿದ್ದು ನಕ್ಕಳು. ಲಿಥುವೇನಿಯಾದಿಂದ ಬಂದ ದಿನದಿಂದ ಅವಳಿಗೆ ಕೆಲಸ ಕಲಿಸಿದವರು ಅವರೇ.

"ಇಲ್ಲಿ ಆಡಿದ ಮಾತು ಈ ಕೋಣೆ ದಾಟಲ್ಲ" ಎಂದೆ. ಎಲ್ಲ ಗುಂಪಿಗೂ ಹೇಳುವ ಮಾತು.

ಗಾಸ್ಪರ್ ಕನ್ನಡಕ ತೆಗೆದರು. "ನಂಗೆ ಕಣ್ಣು ಹೋಗ್ತಾ ಇದೆ. ಮಧ್ಯದಲ್ಲೇ ಮಸುಕು. ನಿನ್ನ ಕಡೆ ನೋಡಿದ್ರೆ ಕೂದಲು ಕಾಣುತ್ತೆ, ಮುಖ ಇಲ್ಲ. ಕರಡೆಲ್ಲ ಕಂಪ್ಯೂಟರ್ ಕೈಲಿ ಓದಿಸ್ಕೊಂಡು ಕೇಳ್ತೀನಿ. ಕೆಲಸ ಒಂದಿನಾನೂ ನಿಂತಿಲ್ಲ. ಆದ್ರೆ ಮೇಲಿನವರಿಗೆ ಗೊತ್ತಾದ್ರೆ ಮುಗೀತು."

ಗಾಸ್ಪರ್ ಕೈಯನ್ನು ದೈನಾ ಹಿಡಿದುಕೊಂಡಳು. ನನಗೆ ಒಳಗೊಳಗೇ ಹೆಮ್ಮೆ — ಜನ ನನ್ನ ಮುಂದೆ ಬಾಯಿ ಬಿಡುತ್ತಾರೆ ಅಂತ. ಬರೆಯಲೂ ನಾಚಿಕೆ. ಆದರೆ ನಿಜ.

ಅಕ್ಟೋಬರ್ 12, ಸಂಜೆ

ಒಡೀಲ್ ಕರೆಸಿದಳು. ನಿರ್ದೇಶಕಿಯಾದ ಮೇಲೆ ಮೊದಲ ಸಲ ಬಾಗಿಲು ಹಾಕಿಕೊಂಡು, ಕಾಫಿ ತರಿಸಿ, ನನ್ನ ಅಭಿಪ್ರಾಯ ಕೇಳಿದಳು.

"ಕಾನೂನು ವಿಭಾಗಕ್ಕೆ ಇನ್ನು ಒಬ್ರೇ. ನಂಗೆ ಗಾಸ್ಪರ್ ಇರ್ಲಿ ಅಂತಿದೆ. ನೀನು ಏನಂತೀಯ? ಜನರ ನಾಡಿ ಹಿಡಿದವಳು ನೀನು."

ಇರಲಿ ಎಂದಿದ್ದರೆ ಸಾಕಿತ್ತು. ಎದ್ದು ಬರಬಹುದಿತ್ತು.

"ಅವರ ಕಣ್ಣು... ಸ್ವಲ್ಪ ಯೋಚನೆ ಮಾಡ್ಬೇಕಾಗುತ್ತೆ" ಎಂದೆ. ಎಷ್ಟು ಮೆತ್ತಗಿನ ದನಿಯಲ್ಲಿ! ಒಡೀಲ್ ಮುಂದೆ ಬಾಗಿದಳು. ಉಳಿದದ್ದನ್ನೂ ಹೇಳಿದೆ. ಯಾರೂ ಬೆದರಿಸಲಿಲ್ಲ. ನನಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿಲ್ಲ ಎಂದು ತೋರಿಸಿಕೊಳ್ಳಬೇಕಿತ್ತು, ಅಷ್ಟೇ.

"ಥ್ಯಾಂಕ್ಸ್ ಲೀವ. ನೀನಿಲ್ದೆ ಇದ್ರೆ ನಂಗೆ ಕಷ್ಟ ಆಗ್ತಿತ್ತು."

ಮೆಟ್ಟಿಲಿಳಿಯುವಾಗ ಕೆನ್ನೆ ಸುಡುತ್ತಿತ್ತು.

ನವೆಂಬರ್ 9, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಆಗಲಿಲ್ಲ.

ಇಂದು ಎಲ್ಲರ ಮುಂದೆ ಘೋಷಣೆ. ಗಾಸ್ಪರ್ ತಿಂಗಳ ಕೊನೆಗೆ ಬಿಡುತ್ತಾರೆ, ಅವರ ಜಾಗದಲ್ಲಿ ದೈನಾ. ಕಾರಣ: ಪುನರ್ರಚನೆ. ಗಾಸ್ಪರ್ ಭುಜ ತಟ್ಟಿ ಒಡೀಲ್, ಪ್ರೀತಿಯಿಂದಲೇ, "ಇನ್ನಾದ್ರೂ ಕಣ್ಣಿಗೆ ವಿಶ್ರಾಂತಿ ಕೊಡಿ ಗಾಸ್ಪರ್" ಎಂದುಬಿಟ್ಟಳು.

ಚಪ್ಪಾಳೆಯ ನಡುವೆ ಗಾಸ್ಪರ್ ನಿಧಾನಕ್ಕೆ ಮುಖ ತಿರುಗಿಸಿದರು. ನನ್ನ ಕಡೆಗಲ್ಲ. ದೈನಾಳ ಕಡೆಗೆ.

ಹೊರಗೆ ಕತ್ತಲಾಗುತ್ತಿತ್ತು. ಗಾಸ್ಪರ್ ನನಗೆ ಬಸ್ ನಿಲ್ದಾಣದವರೆಗೆ ಬಾ ಎಂದರು. ನನ್ನ ಮೊಣಕೈ ಹಿಡಿದು ನಡೆದರು. ಜೂರ್ದಾನ್ ಚೌಕದಲ್ಲಿ ಆಲೂಗಡ್ಡೆ ಕರಿಯುವ ವಾಸನೆ, ಜನರ ಉದ್ದ ಸಾಲು.

"ಮೂವರೇ ಇದ್ವಲ್ಲಮ್ಮಾ. ನೀನಂತೂ ಹೇಳೋಳಲ್ಲ, ಅದು ನಿನ್ನ ಕೆಲ್ಸದ ಮಾನ. ಆ ಹುಡುಗಿಗೆ ನಾನು ಏನು ಕಡಿಮೆ ಮಾಡಿದ್ದೆ ಹೇಳು?"

"ಮೆಟ್ಟಿಲಿದೆ, ನೋಡಿ" ಎಂದೆ.

ನವೆಂಬರ್ 14

ಅಡುಗೆಕೋಣೆಯಲ್ಲಿ ದೈನಾ ಅಳುತ್ತಿದ್ದಳು. ಕಾಫಿ ಯಂತ್ರದ ಹತ್ತಿರ ಎಲ್ಲರೆದುರು ಗಾಸ್ಪರ್ ಅವಳನ್ನು ಕೇಳಿದರಂತೆ: "ನನ್ನ ಕುರ್ಚಿ ಮೆತ್ತಗಿದ್ಯೇನಮ್ಮಾ?"

"ನಾನು ಹೇಳಿಲ್ಲ ಲೀವ, ದೇವರಾಣೆ. ನೀವಾದ್ರೂ ನಂಬ್ತೀರಲ್ವಾ?"

"ನಂಬ್ತೀನಿ" ಎಂದೆ. ಪೇಪರ್ ಟವೆಲ್ ಹರಿದುಕೊಟ್ಟೆ. ಅವಳು ನನ್ನನ್ನು ತಬ್ಬಿಕೊಂಡಳು. ಬೆನ್ನು ಸವರಿದೆ... ಈ ಕೈಯಿಂದಲೇ.

ನವೆಂಬರ್ 25, ಶನಿವಾರ

ಸ್ಕಾರ್‌ಬೇಕ್‌ಗೆ, ಆ ಬಡಾವಣೆಯಲ್ಲಿರುವ ಗಾಸ್ಪರ್ ಮನೆಗೆ ಹೋದೆ. ಮುಂಚೆ ಫೋನ್ ಮಾಡಿದ್ದರೆ ಧೈರ್ಯ ಕರಗುತ್ತಿತ್ತು.

ಬಾಗಿಲು ತೆರೆದರು. ನನ್ನ ಹಿಂದೆ ಬೆಳಕು. ಮುಖ ಕಾಣಲಿಲ್ಲ ಅವರಿಗೆ. ದನಿ ಗಡುಸಾಯಿತು. "ಯಾರು, ದೈನಾನಾ? ಯಾಕೆ ಬಂದೆ?"

"ನಾನು ಗಾಸ್ಪರ್. ಲೀವ."

"ಅಯ್ಯೋ, ನೀನಾ! ಬಾ ಬಾ ಒಳಗೆ. ಮೀನು ಬೇಯ್ತಿದೆ, ಊಟ ಮಾಡ್ಕೊಂಡೇ ಹೋಗ್ಬೇಕು."

ಕೋಟು ಬಿಚ್ಚಲಿಲ್ಲ. ಹೊಸಿಲ ಮೇಲೆ ನಿಂತೇ ಹೇಳಿದೆ. ನಾನೇ ಹೇಳಿದ್ದು. ಅವತ್ತು ಒಡೀಲ್ ಕೋಣೆಯಲ್ಲಿ. ದೈನಾ ಅಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಒಲೆಯ ಮೇಲೆ ಏನೋ ಉಕ್ಕಿ ಚುಂಯ್ ಎಂದಿತು. ಹೋಗಿ ಆರಿಸಿ ಬಂದರು. ಕೈಯಲ್ಲಿ ಫೋನಿತ್ತು.

"ಆ ಹುಡುಗಿ ನಂಬರ್ ಒತ್ತು."

ಒತ್ತಿ ಕೊಟ್ಟೆ. ನನ್ನೆದುರೇ ಮಾತಾಡಿದರು. "ದೈನಾ... ನಾನಮ್ಮಾ. ತಪ್ಪು ತಿಳ್ಕೊಂಡ್ಬಿಟ್ಟೆ ನಿನ್ನ. ಅಲ್ಲ, ನೀನಲ್ಲ... ಗೊತ್ತಾಯ್ತು. ನಾನು ಮುದುಕ, ಕ್ಷಮಿಸ್ಬಿಡು." ದನಿ ಒಡೆಯಿತು. ಅಳುತ್ತಿದ್ದವರು ಅವರು. ಕ್ಷಮೆ ಕೇಳುತ್ತಿದ್ದವರು ಅವರು. ನಾನು ಕೋಟಿನ ಗುಂಡಿ ಹಿಡಿದು ನಿಂತಿದ್ದೆ.

ಯಾರು ಹೇಳಿದ್ದು ಎಂದು ಅವಳು ಕೇಳಿರಬೇಕು. "ಅವಳೇ ಹೇಳ್ಲಿ" ಎಂದು ಫೋನ್ ಇಟ್ಟರು.

ನನಗೆ ಒಂದೇ ಮಾತು: "ಬಾಗಿಲು ಎಳ್ಕೊಂಡು ಹೋಗಿ."

ಹೋಗಿ. ಇಷ್ಟು ವರ್ಷ ಏಕವಚನದಲ್ಲಿ ಕರೆದವರು.

ನವೆಂಬರ್ 27, ಸೋಮವಾರ

ಮೊದಲು ಒಡೀಲ್ ಹತ್ತಿರ ಹೋದೆ. ಗಾಸ್ಪರ್ ಗುಟ್ಟಾಗಿ ಹೇಳಿದ್ದನ್ನು ನಿಮಗೆ ಹೇಳಿದ್ದು ನನ್ನ ತಪ್ಪು, ತೀರ್ಮಾನ ಬದಲಿಸಿ ಎಂದೆ. "ಸಹಿ ಎಲ್ಲ ಆಗಿದೆ ಲೀವ. ಸುಮ್ನೆ ಯಾಕೆ ಮನಸ್ಸಿಗೆ ಹಚ್ಕೊಳ್ತೀಯ?" ಅವಳ ದನಿ ಮೆತ್ತಗಿತ್ತು. ಥೇಟ್ ನನ್ನದೇ ದನಿ.

ಆಮೇಲೆ ದೈನಾಗೆ ಹೇಳಿದೆ. ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳದೆಯೇ ಎಂದಳು:

"ಅಡುಗೆಕೋಣೇಲಿ ನಾನು ನಿಮ್ಮನ್ನ ತಬ್ಕೊಂಡಾಗ್ಲೂ ನಿಮಗೆ ಗೊತ್ತಿತ್ತು."

ಹೌದು ಎಂದೆ.

"ನಾಡಿದ್ದು ಮತ್ತೆ ನಮ್ಮನ್ನೆಲ್ಲ ದುಂಡಗೆ ಕೂರಿಸ್ತೀರಂತೆ. ಹೊಸ ತಂಡಕ್ಕೆ ಅಂತ. ನಾವು ಅಲ್ಲಿ ಏನು ಮಾತಾಡ್ಬೇಕು, ನೀವೇ ಹೇಳಿ."

ಅವಳು ಕೊಂಕಿನಿಂದ ಕೇಳಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವಳಿಗೆ. "ಮೊದ್ಲು ನಾನು ಮಾಡಿದ್ದನ್ನ ನಾನೇ ಎಲ್ಲರೆದುರು ಹೇಳ್ತೀನಿ, ಆಮೇಲೆ ಮಾತಾಡೋದೋ ಬೇಡ್ವೋ ನೀವೇ ನೋಡಿ" ಎಂದೆ.