ಮಧ್ಯಾಹ್ನದ ಸಂತೆ, ಸಂಜೆಯ ಸಂತೆ

ಬಾಗೂರು ಮಾವಾ,

ಇವತ್ತು ಊಟಕ್ಕೆ ಕುಳಿತಾಗ ನಿನ್ನ ಫೋನು ಟಿಣ್ ಅಂದಿತು. ನೀನು ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ನನ್ನ ಮನೆಗೆ ಬಂದಿರುವ ಅತ್ತೆ ಅದನ್ನು ಈಗಲೂ ದಿನಾ ಚಾರ್ಜಿಗೆ ಹಾಕುತ್ತಾಳೆ, ದೇವರಿಗೆ ದೀಪ ಹಚ್ಚಿದ ಹಾಗೆ. ನಾನೇ ಎದ್ದು ನೋಡಿದೆ. ನೀನು ಕೊಂಡಿದ್ದ ಗಣಿ ಕಂಪನಿಯ ಷೇರಿನ ವಹಿವಾಟನ್ನು ಲಂಡನ್ನಿನಲ್ಲಿ ನಿಲ್ಲಿಸಿದ್ದಾರೆ. ಬೆಲೆ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ, ಅಷ್ಟೇ. ಅತ್ತೆಗೆ ಇನ್ನೂ ಹೇಳಿಲ್ಲ. ಉಳಿದರ್ಧ ಷೇರಿರುವ ನ್ಯೂಯಾರ್ಕಿನ ಪೇಟೆ ತೆರೆಯುವುದು ನಮ್ಮಲ್ಲಿ ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಏನು ಮಾಡಲಿ ಹೇಳು? ಅಂಗಡಿಯ ಶಟರ್ ಅರ್ಧ ಎಳೆದು ನಿನಗೆ ಬರೆಯಲು ಕುಳಿತಿದ್ದೇನೆ.

ಮಂಡಿ ಬಿಟ್ಟುಕೊಟ್ಟ ದಿನ ನೀನು ಹಾಸನದಿಂದ ನೇರವಾಗಿ ಹೊಳೆನರಸೀಪುರಕ್ಕೆ, ನನ್ನ ಈ ಜೆರಾಕ್ಸ್ ಅಂಗಡಿಗೇ ಬಂದಿದ್ದೆ. ಜೀವಮಾನವೆಲ್ಲ ಆಲೂಗಡ್ಡೆ ಚೀಲ ಎಣಿಸಿದವನು ಸ್ಟೂಲಿನ ಮೇಲೆ ಕುಳಿತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಫಾರಿನ್ ಷೇರು ತಗೋಬೇಕು ಅಂದೆ. ನಾನು ನಕ್ಕುಬಿಟ್ಟೆ.

"ನಗ್ಬ್ಯಾಡ ಕಣವ್ವ. ಬ್ಯಾಟ್ರಿಗೆ ಬೇಕಾದ ಮಣ್ಣು ಅಗ್ಯೋ ಕಂಪ್ನಿ ಅದು. ಮಣ್ಣು ಅಗ್ಯೋದೇನು ನಮಗೆ ಗೊತ್ತಿಲ್ದೆ ಇರೋ ಕಸುಬಾ?"

ಖಾತೆಯನ್ನು ನೀನು ಅತ್ತೆಯ ಹೆಸರಲ್ಲೇ ತೆರೆಸಿದೆ. ಮಂಡಿಯಿಂದ ಬಂದ ದುಡ್ಡೆಲ್ಲ ಅವಳದ್ದು ಅಂದೆ. "ನಾನಿರ್ಲಿ ಬುಡ್ಲಿ, ಅವ್ಳು ಯಾರ್ ಮುಂದೂ ಕೈ ಚಾಚ್ಬಾರ್ದು" ಅಂತ ನೀನು ಹೇಳಿದಾಗ ಪ್ರಿಂಟರಿನ ಸದ್ದಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಈಗ ಅದೊಂದೇ ಮಾತು ಕೇಳಿಸುತ್ತಿದೆ.

ಆ ಕಂಪನಿಯ ಷೇರು ಲಂಡನ್ನಿನಲ್ಲೂ ಸಿಗುತ್ತದೆ, ನ್ಯೂಯಾರ್ಕಿನಲ್ಲೂ ಸಿಗುತ್ತದೆ ಅಂತ ನಾನು ಓದಿ ಹೇಳಿದಾಗ ನಿನ್ನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ಸಂತೆ! ನಿನ್ನ ವ್ಯಾಪಾರವೆಲ್ಲ ಹಾಗೇ ಇತ್ತಲ್ಲ, ಅರ್ಧ ಲೋಡು ಹಾಸನಕ್ಕೆ, ಅರ್ಧ ಚನ್ನರಾಯಪಟ್ಟಣಕ್ಕೆ. "ಒಂದೇ ಸಂತೇಲಿ ಎಲ್ಲಾ ಚೀಲನೂ ಇಳುಸ್ಬಾರ್ದು" ಅನ್ನುವುದು ನಿನಗೆ ವೇದವಾಕ್ಯ. ಅದೇ ಲೆಕ್ಕದಲ್ಲಿ ನೀನು ಅರ್ಧ ದುಡ್ಡಿಗೆ ಲಂಡನ್ನಿನಲ್ಲಿ, ಅರ್ಧಕ್ಕೆ ನ್ಯೂಯಾರ್ಕಿನಲ್ಲಿ, ಎರಡೂ ಕಡೆ ಅದೇ ಕಂಪನಿಯ ಷೇರು ಕೊಂಡೆ. ಎಲ್ಲಿ ಕೊಂಡರೂ ಕಂಪನಿ ಒಂದೇ ಅಲ್ಲವಾ ಮಾವ ಅಂತ ನಾನು ಕೇಳಿದ್ದಕ್ಕೆ, "ನಾನು ಎರಡ್ ಕಡೆ ಮಾರ್ತಿದ್ದುದ್ದೂ ಒಂದೇ ಆಲೂಗಡ್ಡೆ ತಾನೇ" ಅಂದೆ ನೀನು.

ಆಲೂಗಡ್ಡೆಗೆ ಅಂಗಮಾರಿ ರೋಗ ಬಂದ ವರ್ಷ ನಿನಗೆ ನೆನಪಿರಬೇಕಿತ್ತು. ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ, ರಜೆಗೆ ಬಂದವಳನ್ನು ನೀನು ಲಾರಿಯಲ್ಲಿ ಕೂರಿಸಿಕೊಂಡಿದ್ದೆ. ಅರಕಲಗೂಡಿನ ಕಡೆ ಹೊಲದಲ್ಲಿ ಎಲೆಯೆಲ್ಲ ಕಪ್ಪಾಗಿತ್ತು, ಗೆಡ್ಡೆ ಮಾತ್ರ ನೋಡಲು ಚೆನ್ನಾಗಿಯೇ ಇತ್ತು. ನೀನು ಎಂದಿನಂತೆ ಎರಡು ಪಾಲು ಮಾಡಿ ಕಳಿಸಿದೆ. ಹಾಸನದಲ್ಲಿ ಇಳಿಸಿದ ಚೀಲಗಳಿಂದ ಮೊದಲು ನೀರು ಸೋರತೊಡಗಿತು. ಎಂಥ ನಾತ ಅದು! ಹಮಾಲಿಗಳು ಮೂಗು ಮುಚ್ಚಿಕೊಂಡು ದೂರ ಹೋದರು. "ಚನ್ರಾಯಪಟ್ಟಣದಲ್ಲಿರೋದು ಐತಲ್ಲ" ಅಂತ ನೀನು ಲಾರಿ ಹತ್ತಿದೆ. ಅಲ್ಲಿಗೆ ಹೋಗಿ ಗೋದಾಮಿನ ಬಾಗಿಲು ತೆಗೆಯುವ ಮೊದಲೇ ಅದೇ ನಾತ ಬಂತು. ರೋಗ ಸಂತೆಯಲ್ಲಿರಲಿಲ್ಲ ಮಾವ, ಗೆಡ್ಡೆಯಲ್ಲಿತ್ತು. ಇಷ್ಟು ಕಂಡವನು ನೀನು, ಅದು ಹೇಗೆ...

ಷೇರು ಕೊಂಡ ಮೊದಮೊದಲು ನೀನು ದಿನಾ ಊಟದ ಹೊತ್ತಿಗೆ ಫೋನ್ ಮಾಡಿ "ಮಧ್ಯಾನದ ಸಂತೆ ಏನಂತದೆ?" ಅನ್ನುತ್ತಿದ್ದೆ. ಲಂಡನ್ನು ಏರಿದರೆ ಸಂಜೆ ನ್ಯೂಯಾರ್ಕೂ ಏರುತ್ತಿತ್ತು. ಸಂಜೆಯ ಭವಿಷ್ಯ ಮಧ್ಯಾಹ್ನವೇ ಗೊತ್ತಾಗುವುದು ನಿನಗೆ ದೊಡ್ಡ ವಿದ್ಯೆ ಕೈಗೆ ಹತ್ತಿದ ಖುಷಿ. ಆಮೇಲೆ ಬೆಲೆ ಇಳಿಯತೊಡಗಿತು. ಮಧ್ಯಾಹ್ನ ಇಳಿದದ್ದು ಸಂಜೆ ಒಂದು ಸಲವಾದರೂ ಚೇತರಿಸಿಕೊಂಡಿತಾ? ನೀನು ಹೋದ ಮೇಲೆ ಕಂಪನಿಯ ಲೆಕ್ಕ ತಪಾಸಣೆ ಮಾಡುವವರೇ ಸಹಿ ಹಾಕದೆ ಬಿಟ್ಟುಹೋದರು ಅಂತ ಸುದ್ದಿ ಬಂತು. ಮಾರಿಬಿಡೋಣ ಅಂತ ಅತ್ತೆಯ ಮುಂದೆ ಗೋಗರೆದೆ. "ಅವ್ರು ಮಡಗಿದ್ದು, ಇರ್ಲಿ ಬುಡು" ಅಂದಳು.

ನೀನು ಕಾಯಿಲೆ ಬಿದ್ದಾಗ, ಹಾಸನದಲ್ಲಿ ನಿನ್ನ ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗ, ಅವರು ಬಾಯಿ ತೆರೆಯುವ ಮೊದಲೇ ನೀನು ಎದ್ದುಬಿಟ್ಟೆ. "ಮೈಸೂರಲ್ಲಿ ಇನ್ನೊಂದ್ ಕಿತ ತೋರ್ಸನ." ಆ ಬಸ್ಸಿನಲ್ಲಿ ನೀನು ಎಷ್ಟು ಗೆಲುವಾಗಿದ್ದೆ! ದಾರಿಯಲ್ಲಿ ಸೀಬೆಹಣ್ಣು ಕೊಂಡು ಉಪ್ಪುಖಾರ ಹಚ್ಚಿಸಿ ನನಗೂ ಕೊಟ್ಟೆ, ಕಂಡಕ್ಟರನ ಹತ್ತಿರ ಆಲೂಗಡ್ಡೆ ರೇಟು ಮಾತಾಡಿದೆ. ಅತ್ತೆ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಬಸ್ಸು ಅವಳಿಗೆ ಆಗುವುದಿಲ್ಲ ಅಂದುಕೊಂಡೆ. ಹಾಸನದವರು ಹೇಳಹೊರಟಿದ್ದನ್ನೇ ಮೈಸೂರಿನ ಡಾಕ್ಟರೂ ಹೇಳಿದರು. ಸ್ವಲ್ಪ ಮೆತ್ತಗೆ ಹೇಳಿದರು, ಅಷ್ಟೇ.

ಇಷ್ಟು ಬರೆಯುವ ಹೊತ್ತಿಗೆ ಅತ್ತೆ ಕಾಫಿ ತಂದಳು. ಫೋನು ಮೇಜಿನ ಮೇಲೇ ಇತ್ತು. ಬಗ್ಗಿ ನೋಡಿದಳು.

"ಮಧ್ಯಾನದ ಸಂತೆ ನಿಂತೋಯ್ತಾ?"

"ಸಂಜೇದು ಇನ್ನೂ ತೆಗ್ದಿಲ್ಲ ಅತ್ತೆ. ನೋಡನ" ಅಂದೆ.

ನಿನ್ನ ಸ್ಟೂಲಿನ ಮೇಲೆ ಕುಳಿತು ನನ್ನನ್ನೇ ನೋಡಿದಳು. "ಮೈಸೂರಲ್ಲಿ ಬ್ಯಾರೆ ಯೋಳುದ್ರಾ ಕೂಸೇ?"

ನಾನು ಫೋನು ಮಗುಚಿಟ್ಟೆ. ಅವಳೇ ಹೇಳಿದಳು: "ನಂಗೆ ಹಾಸನದಲ್ಲೇ ಗೊತ್ತಾಯ್ತು. ಬಸ್ಸಲ್ಲಿ ನಿಮ್ಮಾವ ಅಷ್ಟು ಗೆಲುವಾಗಿದ್ರಲ್ಲ, ಅದ್ಕೇ ಬಾಯಿ ಬುಡ್ಲಿಲ್ಲ. ಇದೂ ಅಂಗೇಯ. ಮಾರ್ಬುಟ್ರೆ ಅವ್ರು ಮಾಡಿದ್ದು ತಪ್ಪು ಅಂತ ನಾನೇ ಅಂದಂಗಾಯ್ತದೆ."

ಅಲ್ಲಾ ಮಾವ, ನಾನು ಅವಳನ್ನು ಏನೂ ಅರಿಯದವಳು ಅಂದುಕೊಂಡಿದ್ದೆನಲ್ಲ! ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಅಂತ ಗೊತ್ತಾಗಲಿಲ್ಲ.

ದೀಪ ಹಚ್ಚಿಯಾಯಿತು. ನಾವಿಬ್ಬರೂ ಒಟ್ಟಿಗೇ ಕುಳಿತು ನೋಡಿದೆವು. ಸಂಜೆಯ ಸಂತೆ ತೆರೆಯಿತು, ಬೇರೆ ಕಂಪನಿಗಳೆಲ್ಲ ಕೆಂಪು ಹಸಿರು ಅಂತ ಕುಣಿಯತೊಡಗಿದವು. ನಮ್ಮದರ ಮುಂದೆ ಅದೇ ಅಡ್ಡಗೆರೆ. ಮತ್ತೆ ತೆರೆಯುವುದು ಯಾವಾಗಲೋ, ತೆರೆದರೂ ಏನು ಉಳಿದಿರುತ್ತದೋ, ಹೇಳುವವರು ಯಾರೂ ಇಲ್ಲ. ಅತ್ತೆ ಲ್ಯಾಮಿನೇಷನ್ ಮೆಷಿನ್ನಿನ ಕಡೆ ಕೈ ತೋರಿಸಿ, "ನಾಳಿಂದ ಅದುನ್ನ ನಂಗೆ ಕಲ್ಸು" ಅಂದಳು. ಇಲ್ಲೇ ನನ್ನ ಜೊತೆ ಇದ್ದುಕೊಂಡು ಉಣ್ಣು ಅತ್ತೆ ಅಂದರೆ, ಪುಕ್ಕಟೆ ಉಣ್ಣಲ್ಲ ಅಂದಳು. ಅವಳಿಗೆ ವಯಸ್ಸಾಗಿದೆ ಮಾವ, ಆ ಮೆಷಿನ್ನು ಸುಡುತ್ತದೆ. ಆದರೂ ಕಲಿಸುತ್ತೇನೆ. ಕೈ ಚಾಚಬಾರದು ಅಂತ ನೀನು ಹೇಳಿದ ಮಾತನ್ನು ಅವಳು ನಡೆಸಿಕೊಳ್ಳುವ ದಾರಿ ಅದೊಂದೇ ಉಳಿದಿದೆ.

ಒಳಗೆ ಹೋಗುವಾಗ ಗೋಡೆಯ ಮೇಲಿನ ನಿನ್ನ ಫೋಟೋದ ಕಡೆ ಕಣ್ಣು ಮಾಡಿ, ದನಿ ತಗ್ಗಿಸಿ ಹೇಳಿದಳು: "ಅವ್ರ್ ಮುಂದೆ ಈ ಸುದ್ದಿ ಎತ್ಬ್ಯಾಡ ಕೂಸೇ. ಗೆಲುವಾಗಿರ್ಲಿ."

ಆಗಲಿ ಅಂತ ತಲೆಯಾಡಿಸಿದೆ. ಆದರೂ ಬರೆದುಬಿಟ್ಟಿದ್ದೇನೆ. ಆ ಬಸ್ಸಿನಲ್ಲಿ ಮೈಸೂರಿನವರೆಗೂ ಅವಳೊಬ್ಬಳೇ ತಿಳಿದುಕೊಂಡು ಕುಳಿತಿದ್ದಳು. ಈ ಸಲ ಹಾಗಾಗುವುದು ಬೇಡ. ನೀನೂ ತಿಳಿದುಕೊಂಡಿರು.

ನಿನ್ನ ಕೂಸು