ನಿಂಬೆ ಎಲೆಗೆ ಅರಿಶಿನ

ಯಲಹಂಕ, ಅಕ್ಟೋಬರ್ ೧೪, ಮಂಗಳವಾರ

ಲ್ಯಾಬಿನ ನಿಂಬೆ ಸಸಿಗಳಿಗೆ ನೀರು ಹಾಕುವ ಪಾರವ್ವನನ್ನು ಇವತ್ತು ಕೆಲಸದಿಂದ ತೆಗೆಸಿದೆ. ನಾನು ಸೂಜಿ ಚುಚ್ಚಿ ರೋಗದ ಬ್ಯಾಕ್ಟೀರಿಯಾ ಸೇರಿಸಿದ ಎಲೆಗಳಿಗೆಲ್ಲ ಒಂದು ತಿಂಗಳಿಂದ ಅರಿಶಿನ ಹಚ್ಚುತ್ತಿದ್ದಳಂತೆ. ಬೆಳಿಗ್ಗೆ ತಾನಾಗಿ ನನಗೊಬ್ಬನಿಗೇ ಹೇಳಿದಳು.

“ಎಲಿಗೆ ಹುಣ್ಣಾಗಿದ್ವು ರೀ ಸರ್, ನೋಡಾಕ ಆಗ್ಲಿಲ್ಲ.”

ಸೋಂಕು ತಗುಲಿದ ಮೇಲೆ ಗಿಡವನ್ನು ಕಾಯುವ ಕಿಣ್ವಗಳ ಜೀನ್‌ಗಳು ಮೂರು ಪಟ್ಟು ಚುರುಕಾಗಿವೆ ಎಂದು ಹೋದ ವಾರವಷ್ಟೇ ನನ್ನ ಪಿಎಚ್‌ಡಿ ಗೈಡ್‌ಗೆ ಗ್ರಾಫ್ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಅದು ಗಿಡದ ಕಸುವೋ, ಅರಿಶಿನದ್ದೋ? ಇನ್ನು ಯಾರೂ ಕೇಳುವುದಿಲ್ಲ. ಸಸಿ ಕದ್ದಳು ಎಂದೆ, ಗೈಡ್ ನಂಬಿದರು.

ಹೊರಡುವಾಗ ಗೇಟಿನ ಬಳಿ ನನ್ನ ಬೆರಳಿಗೆ ಸೂಜಿ ಚುಚ್ಚಿ ಆಗಿದ್ದ ಗಾಯವನ್ನು ಕಂಡಳು. “ಕೊಡ್ರಿ ಸರ್, ಅರಿಷಿಣ ಹಚ್ತೀನಿ,” ಎಂದು ಸೆರಗಿನ ಗಂಟು ಬಿಚ್ಚಿದಳು.

ಬೆರಳು ಒಡ್ಡಿದೆ. ಸದ್ಯ, ಕಳ್ಳಿ ಅಂದದ್ದು ನಾನೆಂದು ಅವಳಿಗೆ ಗೊತ್ತಿಲ್ಲ.