ಅಮ್ಮನ ಮಂಚದ ಬೋರ್ಡು

ಮೂಳೆ ವಿಭಾಗದ ದೊಡ್ಡ ಡಾಕ್ಟರಿಗೆ,

ನಮಸ್ಕಾರ. ಸೊಂಟದ ಮೂಳೆ ಮುರಿದುಕೊಂಡು ನಿಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದ ಅಡುಗೆಯವಳ ಮಗಳು ನಾನು. ದಿನಾ ಬೆಳಿಗ್ಗೆ ಆಪರೇಷನ್ ಎಂದು ಮಂಚಕ್ಕೆ 'ನೀರೂ ಕೊಡಬೇಡಿ' ಎಂಬ ಬೋರ್ಡು ತೂಗುಹಾಕುತ್ತಿದ್ದಿರಿ. ಸಂಜೆಗೆ, "ಅರ್ಜೆಂಟ್ ಕೇಸ್ ಬಂತು, ನಾಳೆ ನೋಡೋಣ" ಎನ್ನುತ್ತಿದ್ದಿರಿ. ಊರಿಗೆಲ್ಲ ಉಣಬಡಿಸಿದ ಅಮ್ಮ ಒಣಗಿದ ತುಟಿಯಲ್ಲೇ ನಗುತ್ತಿದ್ದಳು: "ಮುದುಕಿ ಮೂಳೆ ಅಲ್ವೇನೇ, ಅದಕ್ಕೇನು ಅರ್ಜೆಂಟು?" ನಿಮ್ಮ ಆ ನಾಳೆ ಬರುವ ಮೊದಲೇ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು.

ಜಗಳಕ್ಕೆ ಬರೆಯುತ್ತಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಿನ್ನೆ ಅವಳ ಕನ್ನಡಕ ಒಯ್ಯಲು ವಾರ್ಡಿಗೆ ಬಂದಿದ್ದೆ. ಆ ಮಂಚದಲ್ಲಿ ಸೊಂಟ ಮುರಿದ ಇನ್ನೊಬ್ಬ ಅಜ್ಜಿ ಇದ್ದರು. ಬೋರ್ಡು ಮಾತ್ರ ಅದೇ. "ಒಂದು ಗುಟುಕು ನೀರು ಕೊಡ್ತೀಯೇನಮ್ಮಾ?" ಎಂದರು. ನರ್ಸನ್ನು ಕೇಳಿದೆ.

"ಅಯ್ಯೋ, ಕೊಡಿ. ಇವರ ಆಪರೇಷನ್ ಯಾವತ್ತು ಅಂತಾನೇ ಗೊತ್ತಾಗಿಲ್ಲ. ಅದು ಹಳೇ ಪೇಷೆಂಟಿನ ಬೋರ್ಡು, ತೆಗೆಯೋದು ಮರೆತಿದ್ವಿ."

ಅವರಿಗೆ ನೀರು ಕುಡಿಸಿ, ಬೋರ್ಡನ್ನು ಮನೆಗೆ ತಂದಿದ್ದೇನೆ. ಆ ಅಜ್ಜಿಯನ್ನು ನಿಜವಾಗಿ ಥಿಯೇಟರಿಗೆ ಕರೆದೊಯ್ಯುವ ದಿನ ಹೇಳಿ ಕಳಿಸಿ, ನಾನೇ ತಂದುಕೊಡುತ್ತೇನೆ.

ಇತಿ,
ಹಳೇ ಪೇಷೆಂಟಿನ ಮಗಳು